ಗೋಲ್ ಕಾಯ್ದ ಬೆರಳು

ನನ್ನ ಬಲಗೈಯ ತೋರುಬೆರಳು ಪೂರ್ತಿ ಮಡಚುವುದಿಲ್ಲ. ನಡುಗೆಣ್ಣು ಊದಿಕೊಂಡು ಹಾಗೇ ಗಟ್ಟಿಯಾಗಿದೆ. ಹೆಬ್ಬೆರಳ ತುದಿಗೆ ತಾಗಿಸಲು ಹೋದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ನೋಡಿದವರು ಏನಾಯಿತೆಂದು ಕೇಳುತ್ತಾರೆ, ಫುಟ್‌ಬಾಲ್ ಎಂದರೆ ನಗುತ್ತಾರೆ. ಕಾಲಲ್ಲಿ ಆಡುವ ಆಟದಲ್ಲಿ ಕೈಬೆರಳು ಹೇಗೆ ಕೆಟ್ಟಿತು ಎಂಬುದು ಅವರ ಅನುಮಾನ. ಗೋಲ್‌ಕೀಪರ್ ಎಂದು ಒಬ್ಬಳಿರುತ್ತಾಳೆ, ಅವಳಿಗೆ ಕೈಯೇ ಬಂಡವಾಳ ಎಂದು ವಿವರಿಸುವ ತಾಳ್ಮೆ ನನಗೆ ಈಗ ಉಳಿದಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಪವರ್‌ಲೂಮಿನ ಮನೆ. ಮುಂದೆ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಇದ್ದ ಜಾಗದಲ್ಲಿ ನಮ್ಮ ಬದುಕು. ಕರೆಂಟ್ ಇದ್ದಷ್ಟು ಹೊತ್ತೂ ಮಾತಾಡಬೇಕಾದರೆ ಕಿರುಚಲೇಬೇಕು. ಅಮ್ಮ ಊಟಕ್ಕೆ ಕರೆದರೆ ಬೀದಿಯ ಕೊನೆಯವರೂ ಕೈ ತೊಳೆದುಕೊಳ್ಳಬೇಕು, ಅಂಥ ಗಂಟಲು. ಅದೇ ನನಗೂ ಬಂದಿತ್ತು. ಕಾಲೇಜಿನ ತಂಡಕ್ಕೆ ಗೋಲ್ ಕಾಯುತ್ತಾ ನಾನು ಮುಂದಿನ ಹುಡುಗಿಯರನ್ನು ಬೈದು, ಕೂಗಿ, ಜಾಗಕ್ಕೆ ನಿಲ್ಲಿಸುತ್ತಿದ್ದುದನ್ನು ಬೆಂಗಳೂರಿನ ದೊಡ್ಡ ಕ್ಲಬ್ಬೊಂದರ ಕೋಚ್ ನೋಡಿದರು. "ಬಾಲ್ ಹಿಡಿಯೋದು ಕಲಿಸ್ಬೋದು ಕಣಮ್ಮ, ಈ ಗಂಟಲು ಕಲಿಸೋಕಾಗಲ್ಲ" ಎಂದರು. ನನ್ನ ಜೀವನದಲ್ಲಿ ಯಾರೂ ನನ್ನ ಬಾಯಿಯನ್ನು ಹೊಗಳಿರಲಿಲ್ಲ.

ಆ ಕ್ಲಬ್ಬಿನ ಗಂಡಸರ ತಂಡ ಟಿವಿಯಲ್ಲಿ ಬರುವಂಥದ್ದು. ನಮ್ಮದು ಅದಕ್ಕೆ ಅಂಟಿಕೊಂಡ ಹೆಂಗಸರ ತಂಡ. ಎದೆಯ ಮೇಲೆ ಅದೇ ಲಾಂಛನ, ಅದೇ ಕಡುಹಸಿರು ಜೆರ್ಸಿ, ಅದೇ ಕಿತ್ತಳೆ ಪಟ್ಟಿ. ದೇವನಹಳ್ಳಿ ಕಡೆಯ ಮೈದಾನದಲ್ಲಿ ಅವರು ಆಡಿ ಮುಗಿಸಿದ ಮೇಲೆ, ಬಿಸಿಲೇರಿದಾಗ ನಮ್ಮ ಸರದಿ. ಅವರ ಹಳೆಯ ಚೆಂಡು, ಅವರ ಹಳೆಯ ಬಲೆ. ನನಗೆ ಅವರ ಕೀಪರ್ ಹಾಕಿ ಬಿಟ್ಟ ಗ್ಲೌಸ್. ಆರಡಿ ಮೀರಿದ ಆಳಿನ ಗ್ಲೌಸ್ ನನ್ನ ಕೈಗೆ ದೊಗಲೆಯಾಗುತ್ತಿತ್ತು. ಮಣಿಕಟ್ಟಿಗೆ ಟೇಪ್ ಸುತ್ತಿಕೊಂಡು ಆಡುತ್ತಿದ್ದೆ. ಬೇಜಾರೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಹೆಮ್ಮೆಯಿತ್ತು. ಬಸ್ ಸ್ಟ್ಯಾಂಡಿನಲ್ಲಿ ಆ ಜೆರ್ಸಿ ನೋಡಿ ಹುಡುಗರು ದಾರಿ ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಹತ್ತಿರದಿಂದ ಹೊಡೆದ ಚೆಂಡು ಆ ದೊಗಲೆ ಗ್ಲೌಸಿನ ಬೆರಳ ತುದಿಗೆ ಬಡಿಯಿತು. ಒಳಗೆ ನನ್ನ ಬೆರಳು ಹಿಂದಕ್ಕೆ ಮಡಚಿಕೊಂಡಿತು. ಫಿಸಿಯೋ ಅಂದು ಗಂಡಸರ ತಂಡದ ಜತೆ ಹೊರಊರಿಗೆ ಹೋಗಿದ್ದರು. ಗೇಟಿನಾಚೆ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಒತ್ತಿಕೊಂಡೆ, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿದೆ, ಮುಂದಿನ ಪಂದ್ಯವನ್ನೂ ಆಡಿದೆ. ಆಡದಿದ್ದರೆ ಎರಡನೇ ಕೀಪರ್ ಕಾಯುತ್ತಿದ್ದಳಲ್ಲ. ಫಿಸಿಯೋ ಬೆರಳು ನೋಡುವ ಹೊತ್ತಿಗೆ ಅದು ತನ್ನ ಪಾಡಿಗೆ ಕೂಡಿಕೊಂಡಿತ್ತು. "ಮೊದ್ಲೇ ಬರ್ಬಾರ್ದಿತ್ತಾ?" ಎಂದರು. ಎಲ್ಲಿಗೆ ಬರಬೇಕಿತ್ತೋ ಅವರೇ ಹೇಳಬೇಕು.

ಆ ವರ್ಷ ನಾವು ಚೆನ್ನಾಗಿ ಆಡಿದೆವು. ಮುಂದಿನ ಸೀಸನ್ನಿನ ಮೊದಲ ಪಂದ್ಯವನ್ನು ಗಂಡಸರ ದೊಡ್ಡ ಸ್ಟೇಡಿಯಮ್ಮಿನಲ್ಲೇ ಆಡಿಸುತ್ತೇವೆ, ಮನೆಯವರನ್ನೆಲ್ಲ ಕರೆತನ್ನಿ ಎಂದು ಕ್ಲಬ್ಬಿನವರು ಹೇಳಿದ್ದರು. ಅಮ್ಮ ನನ್ನ ಒಂದು ಆಟವನ್ನೂ ನೋಡಿರಲಿಲ್ಲ. ಅಪ್ಪ ನನ್ನ ಜೆರ್ಸಿಯನ್ನು ಬಣ್ಣದವರ ಹತ್ತಿರ ಒಯ್ದು, ಅದೇ ಹಸಿರಿಗೆ ನೂಲು ಅದ್ದಿಸಿಕೊಂಡು ಬಂದರು. ಅಮ್ಮ ಉಟ್ಟುಕೊಂಡು ಬರಲು ಹಸಿರು ಸೀರೆ, ಕಿತ್ತಳೆ ಅಂಚು. ಆದರೆ ಒಂದು ಸೀರೆಗೆಂದು ಯಾರೂ ಮಗ್ಗಕ್ಕೆ ಹಾಸು ಏರಿಸುವುದಿಲ್ಲ. ಉದ್ದದ ಎಳೆಗಳ ಆ ಹಾಸನ್ನು ಒಮ್ಮೆ ಏರಿಸಿದರೆ ಹತ್ತಾರು ಸೀರೆ ನೇಯ್ದೇ ಮುಗಿಸಬೇಕು.

"ಮಿಕ್ಕಿದ್ದು ಏನ್ ಮಾಡ್ತೀಯಪ್ಪ?" ಎಂದು ಕೇಳಿದೆ.

"ನಿನ್ ಜತೆ ಆಡೋ ಹುಡ್ಗೀರಿಗೂ ಅಮ್ಮಂದಿರು ಇರ್ತಾರಲ್ಲಮ್ಮ" ಎಂದರು. "ಅಷ್ಟು ದೊಡ್ಡ ಕ್ಲಬ್ಬು. ಎಲ್ಲಿಗ್ ಹೋಗುತ್ತೆ?"

ಅಪ್ಪನ ಲೆಕ್ಕದಲ್ಲಿ ದೊಡ್ಡದು ಎಂದರೆ ಗಟ್ಟಿ. ಚಿಕ್ಕ ಮಗ್ಗದವರು ಮುಳುಗುವುದನ್ನು ಮಾತ್ರ ನೋಡಿದವರು ಅವರು.

ಆದರೆ ನಾವು ಚೆನ್ನಾಗಿ ಆಡಿದ ಅದೇ ವರ್ಷ ಗಂಡಸರು ಸೋತರು. ಸೋತೂ ಸೋತೂ ಪಟ್ಟಿಯ ತಳಕ್ಕೆ ಬಿದ್ದು ಕೆಳಗಿನ ಲೀಗಿಗೆ ಇಳಿದರು. ನಮ್ಮನ್ನು ಮೈದಾನದ ಪಾರ್ಕಿಂಗ್ ಜಾಗಕ್ಕೆ ಕರೆದರು. ಒಳಗಿನ ಹಾಲ್‌ನಲ್ಲಿ ಇನ್ನೇನೋ ಮೀಟಿಂಗ್ ಇತ್ತಂತೆ. ಕ್ಲಬ್ಬಿನ ಮ್ಯಾನೇಜರ್ ಕಾರಿಗೆ ಒರಗಿ ನಿಂತು, ಖರ್ಚು ಇಳಿಸಬೇಕಾಗಿದೆ, ಹೆಂಗಸರ ತಂಡವನ್ನು ನಿಲ್ಲಿಸುತ್ತಿದ್ದೇವೆ ಎಂದರು. "ನಿಮ್ ತಪ್ಪೇನಿಲ್ಲ" ಎಂಬುದನ್ನು ಮತ್ತೆ ಮತ್ತೆ ಹೇಳಿದರು.

"ಸೋತಿದ್ದು ಅವ್ರು. ಮನೆಗೆ ಹೋಗ್ಬೇಕಾದ್ದು ನಾವಾ ಸಾರ್?" ಎಂದು ನಾನು ಕೇಳಿದೆ. ಕೇಳಿದೆ ಎಂದರೆ ಕಿರುಚಿದೆ. ಅವರು ಫೋನ್ ನೋಡಿಕೊಂಡರು. ಹೊರಡುವಾಗ ಲಾಕರ್ ಕೀ ಕೊಟ್ಟುಹೋಗಿ ಎಂದರು. ಗ್ಲೌಸನ್ನೂ ಬಿಟ್ಟುಹೋಗಬೇಕಂತೆ. ಕಿತ್ತು ಅವರ ಕಾರಿನ ಮೇಲೆ ಎಸೆದು ಬಂದೆ.

ನಮ್ಮ ತಂಡದ ಡಿಫೆಂಡರ್ ಒಬ್ಬಳು ಪಿಲ್ಲಗುಂಪೆಯ ಫ್ಯಾಕ್ಟರಿ ಸೇರಿದಳು. ತೂಬಗೆರೆಯ ಇನ್ನೊಬ್ಬಳು ಊರಿಗೆ ಹೋದವಳು ಫೋನ್ ಎತ್ತಲಿಲ್ಲ. ನಾನು ಬಿಡಲಿಲ್ಲ, ಇನ್ನೊಂದು ಕ್ಲಬ್ಬಿನ ಟ್ರಯಲ್‌ಗೆ ಹೋದೆ. ಚೆನ್ನಾಗಿಯೇ ಹಾರಿದೆ, ಕೂಗಿದೆ. ಆದರೆ ಎತ್ತರದ ಚೆಂಡುಗಳು ಕೈಗೆ ಬಂದು ಜಾರುತ್ತಿದ್ದವು. ಅಲ್ಲಿನ ಕೋಚ್ ಗ್ಲೌಸ್ ಬಿಚ್ಚಿಸಿ ಬೆರಳು ಹಿಡಿದು ಮಡಚಿ ನೋಡಿದರು. "ಯಾರ್ ನೋಡಿದ್ರು ಇದನ್ನ?" ಎಂದರು. ನೋಡಬೇಕಾದ ಹೊತ್ತಿಗೆ ಯಾರೂ ನೋಡಿರಲಿಲ್ಲ. ಅವರು ನನ್ನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಆ ಮೆಲ್ಲಗೆಯಲ್ಲೇ ನನಗೆ ಉತ್ತರ ಗೊತ್ತಾಯಿತು.

ಮನೆಯಲ್ಲಿ ಹಸಿರು ಹಾಸು ಇನ್ನೂ ಅರ್ಧವೂ ಮುಗಿದಿರಲಿಲ್ಲ.

"ಕತ್ತರಿಸಿ ಬಿಸಾಕಪ್ಪ ಅದನ್ನ" ಎಂದೆ.

"ಹಾಸು ಏನ್ ಮಾಡ್ತಮ್ಮ ನಿನಗೆ" ಎಂದರು ಅಪ್ಪ. ಸ್ವಿಚ್ ಒತ್ತಿದರು.

ದಿನಾ ಬೆಳಗಾದರೆ ಆ ಹಸಿರು ಇಂಚಿಂಚಾಗಿ ಇಳಿದು ಬರುವುದನ್ನು ನೋಡುತ್ತಾ ನಾನು ತಿಂಡಿ ತಿಂದೆ. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಮ್ಯಾನೇಜರ್ ಮೇಲೂ ಬಂದಿರಲಿಲ್ಲ. ಸೀರೆ ವ್ಯಾಪಾರಿ ಬಂದು ಬಿಡಿಸಿ ನೋಡಿ, "ಏನಣ್ಣ, ಎಲೆಕ್ಷನ್‌ಗೆ ಹಂಚೋಕ್ ಮಾಡಿಸಿದ್ದಾ?" ಎಂದು ನಕ್ಕ. ಅಪ್ಪ ಅವನ ಜತೆ ನಕ್ಕರು. ಎಲ್ಲವನ್ನೂ ಕೊಟ್ಟುಬಿಟ್ಟರು. ಅಮ್ಮ ತನಗೆಂದು ಒಂದನ್ನೂ ತೆಗೆದಿಡಲಿಲ್ಲ.

ಅಷ್ಟೂ ದಿನ ಎಲ್ಲರೂ ನನಗೆ ಒಂದೇ ಮಾತು ಹೇಳುತ್ತಿದ್ದರು: ಆಟ ಹೋದರೆ ಹೋಗಲಿ, ಮಗ್ಗ ಇದೆಯಲ್ಲ. ಬೇಡ ಬೇಡವೆಂದರೂ ನಾನು ಅದನ್ನು ನಂಬಿಕೊಂಡಿದ್ದೆ. ಹೊಸ ಹಾಸು ಬಂದ ದಿನ, ಅದನ್ನು ಕೆಚ್ಚಲು ನಾನೂ ಅಮ್ಮನ ಪಕ್ಕ ಕುಳಿತೆ. ಮುಗಿದ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸದರ ಎಳೆಯನ್ನು ಸೇರಿಸಿ, ಬೂದಿ ಮುಟ್ಟಿಸಿದ ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯುವ ಕೆಲಸ ಅದು. ಸಾವಿರಾರು ಎಳೆ. ನಮ್ಮ ಮನೆಗಳಲ್ಲಿ ಹೆಂಗಸರದೇ ಕೆಲಸ, ನಾನು ಶಾಲೆಗೆ ಹೋಗುವಾಗಲೇ ಅಮ್ಮನಷ್ಟೇ ಬೇಗ ಕೆಚ್ಚುತ್ತಿದ್ದೆ.

ಮೊದಲ ಎಳೆ ಜಾರಿತು. ಎರಡನೆಯದೂ ಜಾರಿತು. ಬೆರಳು ಬೆರಳಿಗೆ ತಾಗಬೇಕಲ್ಲ, ತಾಗಲಿಲ್ಲ. ನಡುಬೆರಳಲ್ಲಿ ನೋಡಿದೆ, ಎಳೆ ಹರಿದುಹೋಯಿತು. ಎಡಗೈಯಲ್ಲಿ ಹೊಸೆದ ನಾಲ್ಕು ಎಳೆಗಳನ್ನು ಅಮ್ಮ ಮೆತ್ತಗೆ ಎಳೆದು ನೋಡಿದಳು. ನಾಲ್ಕೂ ಬಿಚ್ಚಿಕೊಂಡವು. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಇಷ್ಟು ದಿನ ಊದಿದೆ ಎಂದಷ್ಟೇ ತಿಳಿದಿದ್ದಳು. ನಾನೂ ಅಷ್ಟೇ ಹೇಳಿದ್ದೆ. ಗಂಟಲು ಹರಿಯುವಂತೆ ಕರೆಯುವ ನನ್ನ ಅಮ್ಮ, ಮಗ್ಗ ನಿಂತಿದ್ದ ಆ ಮನೆಯಲ್ಲಿ, ಪಿಸುಗುಟ್ಟಿದಳು: "ಏಳು. ನಾನ್ ಮಾಡ್ಕೊತೀನಿ."

ಎದ್ದು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಿದ್ದೆ. ಮೂಲೆಯಲ್ಲಿ ನೂಲು ಸುತ್ತುವ ಮೆಷಿನ್ ಇದೆ. ಕಣ್ಣು ಮಂಜಾಗಿ ಬೇರೆ ಯಾವ ಕೆಲಸಕ್ಕೂ ಆಗದ ಅಜ್ಜಿಗೆ ಅಪ್ಪ ಅದನ್ನು ವಹಿಸಿದ್ದರು, ನೂಲು ತುಂಬಿದ ಉರುಳೆಯನ್ನು ತೆಗೆದು ಖಾಲಿಯದನ್ನು ಇಟ್ಟರಾಯಿತು. ಅಜ್ಜಿ ಮಣೆಯ ಮೇಲೆ ಸ್ವಲ್ಪ ಸರಿದು ಕೂತರು.

"ಬಾ ಮಗಾ, ಇಲ್ಲಿ ಕೂತ್ಕೋ" ಎಂದರು. "ಇದಕ್ಕೆ ಬೆರಳು ಗಿರಳು ಏನೂ ಬೇಕಾಗಿಲ್ಲ."

ನಾನು ಹೋಗಿ ಅವರ ಪಕ್ಕ ಕೂತೆ. ನನಗೆ ಆಗ ಇಪ್ಪತ್ತಮೂರು ವರ್ಷ.