ಬಲಗಡೆಯ ಸೀಟು

ನಮ್ಮ ಮನೆ ಓನರ್ರ ಎಡಗೈ ಮೊಣಕೈಯಿಂದ ಕೆಳಗೆ ಬಲಗೈಗಿಂತ ಕಪ್ಪಗಿತ್ತು. ನಮ್ಮಲ್ಲಿ ಕಾರು ಓಡಿಸುವವರಿಗೆ ಬಿಸಿಲು ಬಡಿಯುವುದು ಬಲಗೈಗೆ. ಇವರದು ಅಮೆರಿಕದ ಕಾರು, ಸ್ಟೀರಿಂಗ್ ಎಡಗಡೆ. ಇಪ್ಪತ್ತೈದು ವರ್ಷ ಎಡಗೈಯನ್ನು ಕಿಟಕಿಯ ಮೇಲೆ ಊರಿಕೊಂಡೇ ಓಡಿಸಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಒಂಟಿಕೊಪ್ಪಲಿನ ಅವರ ಮನೆಯ ಮಹಡಿ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸ, ಇನ್ನೂ ಮದುವೆಯಾಗಿರಲಿಲ್ಲ. ಕೆಳಗೆ ಅವರೊಬ್ಬರೇ. ಮಕ್ಕಳಿರಲಿಲ್ಲ, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮೊದಲು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದರು. ಒಳಗೆ ಆ ಕಾರು: ಉದ್ದನೆಯ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್. ಬೆಂಗಳೂರಿನಲ್ಲಿದ್ದ ಅಮೆರಿಕದ ಎಂಜಿನಿಯರೊಬ್ಬರು ಸ್ವದೇಶಕ್ಕೆ ಹೊರಟಾಗ ಬಿಟ್ಟುಕೊಟ್ಟ ಕಾರಂತೆ. ಸ್ಟಾರ್ಟ್ ಮಾಡಿದರೆ ನನ್ನ ರೂಮಿನ ಗೂಡಿನಲ್ಲಿದ್ದ ಲೋಟಗಳು ಅದುರುತ್ತಿದ್ದವು. ಐದು ನಿಮಿಷ ಗುಡುಗಿಸಿ, ಆಫ್ ಮಾಡಿ, ಒಳಗೆ ಹೋಗಿ ಒಬ್ಬರಿಗಾಗುವಷ್ಟು ಉಪ್ಪಿಟ್ಟು ಮಾಡಿಕೊಳ್ಳುತ್ತಿದ್ದರು.

ತಿಂಗಳಿಗೊಮ್ಮೆ ಊರಿನ ಪತ್ರಿಕೆಯಲ್ಲಿ ಅವರದೊಂದು ಜಾಹೀರಾತು: "ಹಳೆಯ ಅಮೆರಿಕನ್ ಕಾರು ಮಾರಾಟಕ್ಕಿದೆ. ಭಾನುವಾರ ಬಂದು ನೋಡಬಹುದು." ಬರುವವರಿಗೇನೂ ಕಡಿಮೆಯಿರಲಿಲ್ಲ. ಮಂಡಿ ಮೊಹಲ್ಲಾದ ವರ್ಕ್‌ಶಾಪಿನವರು, ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವವರು, ಬರೀ ಫೋಟೊ ತೆಗೆಸಿಕೊಳ್ಳಲು ಬಂದವರು. ಎಲ್ಲರಿಗೂ ಕಾಫಿ ಕೊಟ್ಟು, ಆಮೇಲೆ ಬಲಗಡೆ ಕೂರಿಸಿಕೊಂಡು ಕೆಆರ್‌ಎಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ, ವಾಪಸ್ ಬಂದಮೇಲೆ ಕೊಡುವುದಿಲ್ಲ ಅಂದುಬಿಡುತ್ತಿದ್ದರು. ನಿಮ್ಮ ಕಾರಿಗೆ ಯಾವ ಗಂಡೂ ಒಪ್ಪಿಗೆಯಾಗುವುದಿಲ್ಲ ಬಿಡಿ ಎಂದು ನಾನು ರೇಗಿಸಿದರೆ ಸುಮ್ಮನೆ ನಗುತ್ತಿದ್ದರು.

ಒಂದು ಭಾನುವಾರ ಯಾರೂ ಬರಲಿಲ್ಲ. ಆರಿಹೋದ ಎರಡು ಲೋಟ ಕಾಫಿ ಮುಂದಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕರೆದು, ನಂಜನಗೂಡಿಗೆ ಹೋಗಿಬರೋಣವೇ ಎಂದರು. ಕಾರು ಕೊಳ್ಳಲು ಬಂದವರಿಗೆ ಅವರು ಒಡ್ಡುತ್ತಿದ್ದ ಪರೀಕ್ಷೆ ಏನೆಂದು ನನಗೆ ತಿಳಿದದ್ದು ಅಂದೇ. ಎಡಗಡೆ ಕೂತು ಓಡಿಸುವವರಿಗೆ ಮುಂದಿನ ಬಸ್ಸಿನಾಚೆ ಏನೂ ಕಾಣುವುದಿಲ್ಲ. ಬಲಗಡೆ ಕೂತವರು ಕತ್ತು ಚಾಚಿ, ಎದುರಿಗೆ ಯಾರೂ ಬರುತ್ತಿಲ್ಲವೆಂದು ನೋಡಿ ಹೇಳಬೇಕು. ಆಮೇಲೇ ಮುಂದಕ್ಕೆ ಹೋಗಬೇಕು. ಅಷ್ಟು ವರ್ಷ ಹಾಗೆ ಹೇಳುತ್ತ ಬಂದವರು ಅವರ ಹೆಂಡತಿ.

"ಅವಳು 'ಹೋಗ್ಬಹುದು' ಅಂದ್ರೆ ನಾನು ಇನ್ನೊಂದ್ಸಲ ನೋಡ್ತಿರ್ಲಿಲ್ಲ ಕಣ್ರೀ," ಎಂದರು. "ಈ ಬರೋರೆಲ್ಲ ಕಾರು ನೋಡ್ತಾರೆ. ರಸ್ತೆ ಯಾರೂ ನೋಡಲ್ಲ."

ನಾನೋ ಹುಲ್ಲು ತುಂಬಿದ ಲಾರಿಯೊಂದರ ಹಿಂದೆ 'ಬೇಡ, ಬೇಡ' ಎನ್ನುತ್ತಲೇ ನಂಜನಗೂಡು ಮುಟ್ಟಿಸಿದೆ. ಅಂಥ ಎಂಜಿನ್ನಿನ ಕಾರು ಮೂತಿಯ ತುಂಬ ಹುಲ್ಲು ಉದುರಿಸಿಕೊಂಡು ತೆವಳಿತು. ಅವರು ಬೇಸರಪಡಲಿಲ್ಲ. "ಅವಳೂ ಮೊದಮೊದಲು ಹಿಂಗೇಯ. ಕಲೀತೀರ ಬುಡಿ," ಎಂದರು.

ಕಲಿತೆ. ಒಂದು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರ ಹೋದೆವು. ದಾರಿಯಲ್ಲಿ ಮಾತು ಕಡಿಮೆ; ನಾನು 'ಹೋಗ್ಬಹುದು' ಎನ್ನುವುದು, ಅವರು ಹೋಗುವುದು. ಅಷ್ಟಕ್ಕೇ ಅವರ ಮುಖ ತಿಳಿಯಾಗುತ್ತಿತ್ತು. ಜಾಹೀರಾತು ನಿಂತುಹೋಗಿತ್ತು. ನಾನದನ್ನು ಗಮನಿಸಿಯೇ ಇರಲಿಲ್ಲ.

ಆಮೇಲೆ ನನಗೆ ಮದುವೆಯಾಯಿತು. ಕಾರ್ಖಾನೆಗೆ ಹತ್ತಿರವೆಂದು ಹೆಬ್ಬಾಳದಲ್ಲೇ ಮನೆ ಮಾಡಿದೆ. ಭಾನುವಾರ ತಪ್ಪದೆ ಬರುತ್ತೇನೆ ಎಂದು ಮಾತು ಕೊಟ್ಟು, ಎರಡು ಮೂರು ಸಲ ಹೋಗಿ, ಬಿಟ್ಟುಬಿಟ್ಟೆ. ಕೆಲವು ತಿಂಗಳ ಮೇಲೆ ಕ್ಯಾಂಟೀನಿನಲ್ಲಿ ಪತ್ರಿಕೆ ತಿರುವುವಾಗ ಅದೇ ಜಾಹೀರಾತು ಕಾಣಿಸಿತು, ಅವೇ ಪದಗಳು. ಅದು ನನ್ನ ಕಣ್ಣಿಗೆ ಬೀಳಲೆಂದೇ ಹಾಕಿಸಿದ್ದು ಅನ್ನಿಸಿತು. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಮೂರು ವರ್ಷ ಅದನ್ನು ಓದಿದೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ ಅಷ್ಟೆ.

ಜಾಹೀರಾತು ಬಾರದ ತಿಂಗಳು ಹೆದರಿ ಓಡಿದೆ. ಶೆಡ್ಡು ಖಾಲಿ, ನೆಲದ ಮೇಲೆ ಆಯಿಲ್ ಕಲೆ. ಓನರ್ರು ಜಗಲಿಯ ಮೇಲಿದ್ದರು.

"ಗಂಡ ಹೆಂಡ್ತಿ ಇಬ್ರೂ ಬಂದಿದ್ರು," ಎಂದರು. "ಆತನ ಕೈಗೆ ಸ್ಟೀರಿಂಗ್ ಕೊಟ್ಟು ನಾನು ಹಿಂದೆ ಕೂತೆ. ಆಯಮ್ಮಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ ಕಣ್ರೀ. 'ತಡೀರಿ, ಬಸ್ ಬರ್ತಿದೆ' ಅಂದ್ರು. ಕೊಟ್ಬುಟ್ಟೆ."

ಯಾಕೆ ಬರಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಕಾಫಿ ಕೊಡುವಾಗ ಅವರ ಕೈ ನೋಡಿದೆ. ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಆ ವರ್ಷವೇ ಅವರು ತೀರಿಕೊಂಡರು. ಅಂದು ಮಾತ್ರ ರಜೆ ಹಾಕಿ ಇಡೀ ದಿನ ಅಲ್ಲೇ ಇದ್ದೆ. ಶವ ಸಾಗಿಸುವ ವ್ಯಾನಿನ ಡ್ರೈವರಿಗೆ ದಾರಿ ತೋರಿಸಲು ಯಾರಾದರೂ ಬೇಕೆಂದಾಗ ನಾನೇ ಹತ್ತಿ ಅವನ ಪಕ್ಕ ಕೂತೆ. ಮುಂದೆ ಒಂದು ಬಸ್ಸು ನಿಧಾನವಾಗಿ ಹೋಗುತ್ತಿತ್ತು. ಹೇಳಲೆಂದು ಹಳೆಯ ಅಭ್ಯಾಸದಂತೆ ಕತ್ತು ಚಾಚಿದೆ. ನಾನು ಕೂತದ್ದು ಎಡಗಡೆ. ಬಸ್ಸಿನ ಬೆನ್ನು ಬಿಟ್ಟು ಮತ್ತೇನೂ ಕಾಣಲಿಲ್ಲ.