ಅಕ್ಕನ ತವರಿನ ಅಡ್ಡಹೆಸರು

ಗೆಳೆಯರೇ, ಅಕ್ಕನ ಬಡ್ತಿ ಅರ್ಜಿ ಇವತ್ತು ವಾಪಸ್ ಬಂದಿದೆ. ವಿಜಯಪುರದ ತನ್ನ ಕಾಲೇಜಿನಿಂದ ಅವಳೇ ಫೋನ್ ಮಾಡಿ ಹೇಳಿದಳು.

ಜೀವಕೋಶಗಳು ಒಂದಕ್ಕೊಂದು ಸಂಕೇತ ಕಳಿಸುವ ಬಗೆಯ ಮೇಲೆ ಅವಳ ಸಂಶೋಧನೆ. ವಿಜ್ಞಾನಿಗಳು ಅತಿ ಹೆಚ್ಚು ಉಲ್ಲೇಖಿಸಿರುವ ಅವಳ ಪ್ರಬಂಧ ಮದುವೆಗೆ ಮುಂಚಿನದು. ಅದರಲ್ಲಿ ತವರಿನ ಅಡ್ಡಹೆಸರು ಕಳ್ಳಕವಟಗಿ, ಅರ್ಜಿಯಲ್ಲಿ ಗಂಡನ ಮನೆಯ ಬಿರಾದಾರ.

"ಇದು ಬ್ಯಾರೆಯವರದ್ದರಿ, ತಗದೀವಿ," ಅಂದರಂತೆ ಗುಮಾಸ್ತರು.

"ಆ ಬ್ಯಾರೆಯವರು ನಾನ ಅದೀನ್ರಿ!"

"ಹಂಗಂದ್ರ ಪುರಾವೆ ತರ್ರಿ, ಮೇಡಂ."

ಆ ಪ್ರಬಂಧ ಬಿಟ್ಟರೆ ಬಡ್ತಿ ಇಲ್ಲ. "ಹೋಗ್ಲಿ ಬಿಡಕ್ಕಾ, ಮುಂದಿನ ವರ್ಷ ಹಾಕಿದ್ರಾತು," ಅಂದೆ.

"ಸುಮ್ನಿರಲೇ! ಹೆಸರ ಬಿಟ್ಟೀನಿ, ಮಾಡಿದ ಕೆಲಸ ಬಿಡಂಗಿಲ್ಲ."

ದೂರದೇಶದ ವಿಜ್ಞಾನಿಗಳಿಗೆ ಗೊತ್ತಿರುವ ಅಕ್ಕ, ದಿನಾ ಸಹಿ ಹಾಕುವ ಕಚೇರಿಗೆ ಗೊತ್ತಿಲ್ಲ. ಎರಡೂ ಮನೆತನಗಳ ಹೆಸರಿರುವ ಲಗ್ನಪತ್ರಿಕೆ ಹಿಡಿದು ನಾಳೆ ಹತ್ತೂವರೆಗೆ ಅಲ್ಲಿಗೆ ಹೋಗುತ್ತಾಳೆ.