ಬೆಲ್ಲ ತಿಂದವರಿಗೆ ಎರಡು ಅಂಕ

ಬಾಗಿಲು ತಟ್ಟಿದವರು ಯಾರೆಂದು ಕೇಳುವ ಮೊದಲೇ ಅಮ್ಮ ಗೇಟಿನ ಚಿಲಕ ತೆಗೆದುಬಿಡುತ್ತಿದ್ದ ಕಾಲವೊಂದಿತ್ತು. ಆಗ ನಾವು ಈ ಪುಟ್ಟ ದ್ವೀಪದೇಶದ ಜುರಾಂಗ್ ವೆಸ್ಟಿನ ಒಂದು ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ, ಆ ಮಾತು ಬೇರೆ. ಇಲ್ಲಿನ ಮನೆಗಳಿಗೆ ಮರದ ಬಾಗಿಲಿನ ಹೊರಗೆ ಸರಳಿನ ಗೇಟೊಂದು ಇರುತ್ತದೆ. ಪಾರ್ಸೆಲ್ ತಂದವರನ್ನೂ ಇಂಟರ್ನೆಟ್ ಪ್ಲಾನ್ ಮಾರಲು ಬಂದವರನ್ನೂ ಜನ ಆ ಸರಳುಗಳ ಸಂದಿಯಿಂದಲೇ ಮಾತಾಡಿಸಿ ಕಳಿಸುತ್ತಾರೆ. ಅಮ್ಮನಿಗೆ ಅದು ಸೇರುತ್ತಿರಲಿಲ್ಲ.

"ಜೈಲಿನ್ಯಾಗ ಭೇಟಿ ಮಾಡಿದಂಗ ಆಗತೈತಿ. ಮನೀಗೆ ಬಂದವರನ್ನ ಹೊರಗ ನಿಂದ್ರಿಸೂದು ನಮ್ಮ ಪದ್ಧತಿ ಅಲ್ಲ" ಎನ್ನುತ್ತಿದ್ದಳು.

ಅಮ್ಮ ಧಾರವಾಡದವಳು. ಯಾರೇ ಬರಲಿ, ಮೊದಲು ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಪಕ್ಕದಲ್ಲಿ ಸ್ಟೀಲ್ ಲೋಟದ ತುಂಬ ನೀರು. ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಬೆಲ್ಲದ ಪೆಂಟೆಯನ್ನು ಅವಳು ರುಬ್ಬುಗುಂಡಿನಿಂದ ಕುಟ್ಟುವಾಗ ಇಡೀ ಅಡುಗೆಮನೆ ಘಮಗುಟ್ಟುತ್ತಿತ್ತು. ಒಮ್ಮೆ ನಲ್ಲಿ ರಿಪೇರಿಗೆ ಬಂದ ಚೀನೀ ಅಂಕಲ್ ಆ ಚೂರನ್ನು ಅನುಮಾನದಿಂದ ಮೂಸಿ ನೋಡಿ, ಬಾಯಿಗೆ ಹಾಕಿಕೊಂಡು, ಆಮೇಲೆ ಇನ್ನೊಂದು ಕೇಳಿದ್ದು ನಮ್ಮ ಮನೆಯಲ್ಲಿ ಬಹಳ ದಿನ ಹೇಳಿಕೊಂಡು ನಗುವ ಕತೆಯಾಗಿತ್ತು.

ನಾನು ಹೇಳಹೊರಟದ್ದು ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷದ ಸೆಪ್ಟೆಂಬರಿನ ಮಾತು. ಸಮುದ್ರದಾಚೆ ಕಾಡು ಉರಿದ ಹೊಗೆ ಬಂದು ಊರಿಗೆ ಊರೇ ಮಸುಕಾಗಿತ್ತು. ಬಟ್ಟೆ ಒಣಹಾಕಿದರೆ ಸುಟ್ಟ ವಾಸನೆ, ತಲೆ ಬಾಚಿದರೆ ಸುಟ್ಟ ವಾಸನೆ. ಸ್ಕೂಲಿನಲ್ಲಿ ಹೊರಗೆ ಆಡುವುದು ಬಂದ್. ಬ್ಲಾಕಿನ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಕೂತು ಫೈವ್ ಸ್ಟೋನ್ಸ್ ಎಂಬ ಕಲ್ಲಾಟ ಆಡುತ್ತಿದ್ದ ನಮ್ಮನ್ನೂ ಯಾರಾದರೂ ಆಂಟಿ ಬಂದು ಮನೆಗೆ ಅಟ್ಟುತ್ತಿದ್ದರು. ತಿಂಗಳ ಕೊನೆಗೆ ನನಗೆ ದೊಡ್ಡ ಪರೀಕ್ಷೆ, ಮುಂದಿನ ವಾರ ಗೌರಿ ಹಬ್ಬ, ನಡುವೆ ಚುನಾವಣೆ.

ಅಪ್ಪ ಅಮ್ಮ ಇಲ್ಲಿನ ಪ್ರಜೆಗಳಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ರದ್ದು ಮಾಡಿ ವಾಪಸ್ ಕೊಟ್ಟ ಹಳೆಯ ಪಾಸ್‌ಪೋರ್ಟನ್ನು ಅಮ್ಮ ಒಂದು ಖಣದಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಟ್ಟಿದ್ದಳು. ಈಗ ಮತ ಹಾಕಬೇಕೆಂದು ಅವಳ ಹೆಸರಿಗೆ ಅಂಚೆಯಲ್ಲಿ ಕಾರ್ಡ್ ಬಂತು. ಅದನ್ನು ಹಿಡಿದುಕೊಂಡು ಅವಳು ಸೋಫಾದಲ್ಲಿ ನೆಟ್ಟಗೆ ಕೂತ ರೀತಿ ನನಗೆ ಚೆನ್ನಾಗಿ ನೆನಪಿದೆ. ಮದುವೆಗೆ ಮೊದಲು ಅವಳು ಧಾರವಾಡದ ಹತ್ತಿರ ಹೈಸ್ಕೂಲ್ ಟೀಚರ್. ಇಲ್ಲಿ ಆ ಬಿ.ಎಡ್. ನನ್ನೊಬ್ಬಳ ಗಣಿತದ ಹೋಮ್‌ವರ್ಕಿಗೆ ಮೀಸಲಾಗಿತ್ತು.

"ನಾನು ಎಲೆಕ್ಷನ್ ಡ್ಯೂಟಿ ಮಾಡಿದಾಕಿ. ಮಂದಿ ಬೆರಳಿಗೆ ಮಸಿ ಹಚ್ಚಿ ಹಚ್ಚಿ ನನ್ನ ಕೈಯೆಲ್ಲಾ ಕರ್ರಗಾಗಿತ್ತು" ಎಂದು ಅವತ್ತು ಮೊದಲ ಸಲ ಹೇಳಿದಳು. ನನ್ನ ಅಮ್ಮನಿಗೆ ನಾನು ಹುಟ್ಟುವ ಮೊದಲೂ ಒಂದು ಜೀವನವಿತ್ತು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಲೆಟರ್‌ಬಾಕ್ಸಿನಲ್ಲಿ ಕರಪತ್ರಗಳು ಬಂದು ಬೀಳತೊಡಗಿದವು. ನಾಲ್ಕು ಭಾಷೆಗಳಲ್ಲಿ ಅಚ್ಚಾಗಿದ್ದವು, ನಾಲ್ಕರಲ್ಲಿ ಒಂದೂ ಅಮ್ಮನದಲ್ಲ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ನಿಧಾನ. ಹಾಗಾಗಿ ನಾನು ಓದಿ ಹೇಳುವುದು, ಅವಳು ನನ್ನ ಹಳೆಯ ಎಕ್ಸರ್‌ಸೈಜ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಕನ್ನಡದಲ್ಲಿ ಬರೆಯುವುದು ಎಂದಾಯಿತು. ಒಬ್ಬೊಬ್ಬ ಅಭ್ಯರ್ಥಿಯ ಫೋಟೋ ಕತ್ತರಿಸಿ ಅನ್ನದ ಅಗುಳಿನಿಂದ ಅಂಟಿಸಿದೆವು. ಕೆಳಗೆ ಹೆಸರು, ಉದ್ಯೋಗ, ಏನೇನು ಮಾಡುತ್ತೇವೆ ಅಂದಿದ್ದಾರೆ, ನಮ್ಮ ಮನೆಗೆ ಬಂದರೋ ಇಲ್ಲವೋ. ಹತ್ತಕ್ಕೆ ಅಂಕ. ಅದರಲ್ಲಿ ಎರಡು ಅಂಕ ಬೆಲ್ಲ ತಿಂದು ನೀರು ಕುಡಿದದ್ದಕ್ಕೆ.

"ಇದೇನಮ್ಮ, ಬೆಲ್ಲಕ್ಕೆಲ್ಲ ಮಾರ್ಕ್ಸ್ ಕೊಡ್ತಾರಾ? ಅನ್‌ಫೇರ್ ಲಾ" ಅಂದೆ, ಇಲ್ಲಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

"ನಮ್ಮ ಮನಿ ನೀರು ಕುಡಿಯಾಕ ಪುರಸೊತ್ತಿಲ್ಲದವರು ನಮ್ಮ ಮಾತು ಏನ ಕೇಳ್ತಾರ, ನಮ್ಮವ್ವಾ?" ಅಂದಳು.

ಕೇಳಲು ಅವಳಿಗೆ ಒಂದು ಮಾತಿತ್ತು. ಸ್ಕೂಲಿನಲ್ಲಿ ಮಾತೃಭಾಷೆ ಎಂದು ನಾನು ಓದುತ್ತಿದ್ದದ್ದು ಹಿಂದಿ. ಕೊಟ್ಟಿದ್ದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಿಂದಿಯಲ್ಲಿ ನಾನು ಪ್ರತಿ ಟೆಸ್ಟಿನಲ್ಲೂ ಮಕಾಡೆ ಮಲಗುತ್ತಿದ್ದೆ. ಮಗಳ ತಾಯಿನುಡಿ ಕನ್ನಡ, ಸ್ಕೂಲಿನಲ್ಲಿ ಅದನ್ನೇ ಯಾಕೆ ಕಲಿಯುವಂತಿಲ್ಲ ಎಂಬುದು ಅಮ್ಮನ ಪ್ರಶ್ನೆ. ಅದನ್ನು ಇಂಗ್ಲಿಷಿನಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡಿದ್ದಳು.

ಮೊದಲು ಬಂದವರು ಒಂದು ಪಕ್ಷದ ಅಭ್ಯರ್ಥಿ, ಕನ್ನಡಕದ ಅಂಕಲ್. ಅಮ್ಮ ಗೇಟು ತೆಗೆದು ತಟ್ಟೆ ಚಾಚಿದಾಗ ಜೊತೆಗಿದ್ದ ಸ್ವಯಂಸೇವಕರು "ನೋ ನೀಡ್ ಲಾ, ಆಂಟಿ" ಎಂದು ಅಡ್ಡ ಬಂದರು. ಅಂಕಲ್ ಸಂಕೋಚದಿಂದ ಬೆಲ್ಲದ ಚೂರು ತೆಗೆದುಕೊಂಡು ಬಿಳಿ ಶರ್ಟಿನ ಜೇಬಿಗೆ ಹಾಕಿಕೊಂಡರು. ಪ್ರಶ್ನೆಗೆ ನಕ್ಕು, ಕೈಕುಲುಕಿ, ಪಕ್ಕದ ಮನೆಗೆ ಹೋದರು. "ಕಿಸೇದಾಗ ಇಟ್ಟವರಿಗೆ ಒಂದು ಮಾರ್ಕು" ಅಂದಳು ಅಮ್ಮ. ಆ ಸೆಖೆಯಲ್ಲಿ ಅವರ ಜೇಬು ಏನಾಗಿರಬಹುದೆಂದು ನೆನೆದು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಎರಡು ದಿನದ ಮೇಲೆ ಇನ್ನೊಂದು ಪಕ್ಷದ ಅಭ್ಯರ್ಥಿ, ಹೆಂಗಸೊಬ್ಬರು ಬಂದರು. ಹೊಗೆಗೆ ಕೆಮ್ಮುತ್ತಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಬೆಲ್ಲ ತಿಂದು, ಲೋಟದ ನೀರು ಪೂರ್ತಿ ಕುಡಿದರು. ಅಮ್ಮನ ಪ್ರಶ್ನೆಯನ್ನು ಕೇಳಿ, ಕರಪತ್ರದ ಹಿಂಬದಿ ತಿರುಗಿಸಿ, ಮಗಳ ಹೆಸರನ್ನು ನಿಮ್ಮ ಅಕ್ಷರದಲ್ಲಿ ಬರೆದು ತೋರಿಸಿ ಅಂದರು. ಅಮ್ಮ 'ಮೇಘನಾ' ಎಂದು ದುಂಡಗೆ ಬರೆದಳು. ಅವರು ಅದನ್ನೇ ನೋಡುತ್ತಾ, ಕಲಿಯುವ ಮಕ್ಕಳು ತೀರಾ ಕಡಿಮೆ, ಇದು ಸದ್ಯಕ್ಕೆ ಆಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ ಅಂದರು.

ನನಗೆ ಬೇಜಾರಾಯಿತು. ಅಮ್ಮ ಮಾತ್ರ ಅವರಿಗೆ ಹತ್ತಕ್ಕೆ ಹತ್ತು ಹಾಕಿದಳು. "ಓಟು ಕೇಳಾಕ ಬಂದು ಆಗೂದಿಲ್ಲ ಅನ್ನಾಕ ಎದಿ ಬೇಕು" ಅಂದಳು.

ಆದರೆ ಇಲ್ಲಿ ಒಬ್ಬೊಬ್ಬರಿಗೆ ಮತ ಹಾಕುವುದಲ್ಲ, ಒಂದು ಪಕ್ಷದ ಐದು ಜನರ ಇಡೀ ತಂಡಕ್ಕೆ ಒಂದೇ ಮತ ಎಂಬುದು ನಮಗೆ ಗೊತ್ತಾದದ್ದು ಅಂಕಗಳನ್ನೆಲ್ಲ ಹಾಕಿ ಮುಗಿದ ಮೇಲೆ. ಅಮ್ಮನಿಗೆ ಸಿಟ್ಟು ಬಂತು. "ಸಂತ್ಯಾಗ ಬದನಿಕಾಯಿ ಸೈತ ಒಂದೊಂದು ಆರಿಸಿ ತಗೋತೀವಿ. ಐದೂ ಗಂಟು ಕಟ್ಟಿ ಕೊಟ್ರ ಹೆಂಗ?" ಎಂದು ಗೊಣಗುತ್ತಲೇ ಎಲ್ಲರ ಅಂಕ ಕೂಡಿಸಿದಳು. ಆ ಹೆಂಗಸಿನ ತಂಡ ಸ್ವಲ್ಪದರಲ್ಲಿ ಮೇಲಾಯಿತು. ಕೊನೆಯ ಹಾಳೆಯಲ್ಲಿ ಅಮ್ಮ "ನನ್ನ ಮತ ಇವರಿಗೆ" ಎಂದು ಬರೆದು ಅಡಿಗೆರೆ ಎಳೆದಳು.

ಅಪ್ಪನ ಆಯ್ಕೆ ಬೇರೆ. ಅಪ್ಪ ಬೆಂಗಳೂರಿನವರು, ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಐಟಿ ಕೆಲಸ. ಸಿಗ್ನಲ್ ಹಸಿರಾದ ಮೇಲೂ ಎರಡೂ ಕಡೆ ನೋಡಿ ದಾಟುವ ಮನುಷ್ಯ.

"ವಿಜಯಾ, ಇದೆಲ್ಲ ಯಾಕೆ ಬೇಕು? ನಾವು ಹೊಸಬರು. ಸುಮ್ಮನೆ ನಾನು ಹಾಕೋರಿಗೇ ಹಾಕ್ಬಿಡು. ಬ್ಯಾಲೆಟ್ ಪೇಪರ್ ಮೇಲೆ ನಂಬರ್ ಇರುತ್ತೆ, ಯಾರಿಗೆ ಹಾಕಿದ್ದು ಅಂತ ಪತ್ತೆ ಹಚ್ಚಬಹುದು, ಗೊತ್ತಾ?" ಅಂದರು.

"ಖೊಟ್ಟಿ ಚೀಟಿ ಹಾಕಬಾರದಂತ ಇರತೈತಿ ರೀ ಅದು. ನಮ್ಮಲ್ಲೂ ಇತ್ತು. ನನಗ ಹೇಳ್ತೀರಿ?" ಅಂದಳು ಅಮ್ಮ.

"ಏನಾದ್ರೂ ಮಾಡ್ಕೋ. ಆ ಪುಸ್ತಕ ಮಾತ್ರ ಮನೆಯಿಂದ ಆಚೆ ಹೋಗಬಾರದು."

ಹೋಯಿತು. ಕಳಿಸಿದವಳು ನಾನು.

ಮತದಾನದ ಹಿಂದಿನ ದಿನ ಇಲ್ಲಿ ಯಾರೂ ಪ್ರಚಾರ ಮಾಡುವಂತಿಲ್ಲ. ಜನ ಶಾಂತವಾಗಿ ಯೋಚಿಸಲಿ ಎಂದು ಬಿಟ್ಟ ದಿನ ಅದು. ನನಗೆ ಅದೊಂದೂ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಸ್ಕೂಲಿನಿಂದ ಬಂದಾಗ ಅಮ್ಮ ಫೋನನ್ನು ಚಾರ್ಜಿಗೆ ಹಾಕಿ ತರಕಾರಿಗೆ ಹೋಗಿದ್ದಳು. ಎದುರು ಬ್ಲಾಕಿನ ಮೈಸೂರಿನ ಸುಧಾ ಆಂಟಿಯಿಂದ ಮೆಸೇಜ್ ಬಂದಿತ್ತು. ಗೌರಿ ಬಾಗಿನಕ್ಕೆಂದು ಈ ಕಡೆಯ ಕನ್ನಡದ ಹೆಂಗಸರೆಲ್ಲ ಸೇರಿ ಮಾಡಿಕೊಂಡಿದ್ದ ಗ್ರೂಪಿನಲ್ಲಿ: "ನಾಳೆ ಯಾರಿಗೆ ಹಾಕೋದು ಅಂತ ಒಂದೂ ಗೊತ್ತಾಗ್ತಿಲ್ಲ ಕಣ್ರೇ, ಯಾರಾದ್ರೂ ಹೇಳಿ."

ನಮ್ಮ ಮನೆಯಲ್ಲಿ ಉತ್ತರ ಸಿದ್ಧವಾಗಿತ್ತು. ಅನ್ನದ ಅಗುಳಿನಿಂದ ಅಂಟಿಸಿದ ಫೋಟೋಗಳ ಸಮೇತ. ಅಮ್ಮನ ಅಕ್ಷರ ಎಷ್ಟು ಚೆನ್ನಾಗಿದೆ ಎಂದು ಎಲ್ಲರೂ ನೋಡಲಿ ಅನ್ನಿಸಿತು. ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಒಂದೊಂದು ಹಾಳೆಯ ಫೋಟೋ ತೆಗೆದು, ಕೊನೆಯ ಅಡಿಗೆರೆಯ ಹಾಳೆಯನ್ನೂ ಬಿಡದೆ ಕಳಿಸಿದೆ. ಮೊದಲು ಚಪ್ಪಾಳೆಗಳು ಬಂದವು, ಬೆಲ್ಲದ ಅಂಕಕ್ಕೆ ನಗು ಬಂತು. ಆಮೇಲೆ ಯಾರೋ "ಇವತ್ತು ಇದನ್ನ ಹಾಕಬಾರದು, ರೂಲ್ಸ್ ಇದೆ" ಎಂದು ಬರೆದರು. ಅಲ್ಲಿಂದ ಗ್ರೂಪು ಗಪ್‌ಚಿಪ್. ಒಬ್ಬೊಬ್ಬರೇ ಹೊರಗೆ ಹೋದದ್ದನ್ನು ಫೋನು ತೋರಿಸುತ್ತಿತ್ತು. ನಾನು ಅದನ್ನು ಚಾರ್ಜರಿಗೆ ಸಿಕ್ಕಿಸಿ ಹಿಂದಿ ಪುಸ್ತಕ ತೆರೆದು ಕೂತೆ.

ಅಪ್ಪ ಸಂಜೆಯಾಗುವ ಮುಂಚೆಯೇ ಬಂದರು. ಆ ಗ್ರೂಪಿನ ಯಾರದೋ ಗಂಡ ಆಫೀಸಿಗೆ ಫೋನ್ ಮಾಡಿದ್ದರಂತೆ. ಬಾಗಿಲಲ್ಲೇ ನಿಂತು, ಹೊಗೆಗೆಂದು ಹಾಕಿದ್ದ ಮಾಸ್ಕ್ ಕೂಡ ತೆಗೆಯದೆ ಕೇಳಿದರು.

"ಯಾರು ಕಳಿಸಿದ್ದು?"

ಆಗ ತಾನೇ ಬಂದು ಸೊಪ್ಪು ಬಿಡಿಸುತ್ತಿದ್ದ ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಪ್ಪ ಅವಳ ಫೋನು ಎತ್ತಿ ತೋರಿಸಿದರು. ಅಮ್ಮ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಲೇ ಇದ್ದೆ.

"ನಾನ ಕಳಿಸೀನಿ" ಅಂದಳು ಅಮ್ಮ.

"ಬುದ್ಧಿ ಇದೆಯಾ ನಿನಗೆ? ಪೊಲೀಸ್ ಕಂಪ್ಲೇಂಟ್ ಆದ್ರೆ? ನನ್ನ ಕೆಲಸ ಹೋದ್ರೆ? ವಾಪಸ್ ಹೋಗೋಕೆ ಆ ಪಾಸ್‌ಪೋರ್ಟೂ ಇಲ್ಲ ನಮ್ಮ ಹತ್ರ!" ಅಪ್ಪ ಕೂಗಿದರು. ಅವರು ಕೆಟ್ಟವರಲ್ಲ. ತುಂಬ ಹೆದರಿದ್ದರು. ಪುಸ್ತಕದ ಹಾಳೆಗಳನ್ನು ಹರಿದು, ಅಡುಗೆಮನೆಯ ಗೋಡೆಯಲ್ಲಿರುವ ಕಸದ ಕೊಳವೆಯ ಮುಚ್ಚಳ ಎಳೆದು ಒಳಗೆ ತುರುಕಿದರು. ರಟ್ಟು ಒಂಬತ್ತು ಮಹಡಿ ತಗಲಿಕೊಂಡು ತಗಲಿಕೊಂಡು ಕೆಳಗೆ ಬೀಳುವ ಸದ್ದು ಕೇಳಿಸಿತು. ಆಮೇಲೆ ಅವರು ಹೇಳಿದಂತೆ ಅಮ್ಮ ಗ್ರೂಪಿನಲ್ಲಿ ಬರೆದಳು: "ತಪ್ಪಾಗಿದೆ, ದಯವಿಟ್ಟು ಎಲ್ಲರೂ ಡಿಲೀಟ್ ಮಾಡಿ."

ಮಾರನೆಯ ದಿನ ಅಮ್ಮ ಇಳಕಲ್ ಸೀರೆ ಉಟ್ಟು ಪಕ್ಕದ ಸ್ಕೂಲಿಗೆ ಹೋಗಿ ಮತ ಹಾಕಿ ಬಂದಳು. ಯಾರಿಗೆ ಎಂದು ಅಪ್ಪ ಕೇಳಲಿಲ್ಲ, ಅವಳು ಹೇಳಲಿಲ್ಲ. ಇಲ್ಲಿ ಬೆರಳಿಗೆ ಮಸಿ ಹಚ್ಚುವುದಿಲ್ಲ. ಅವಳು ಸೋಫಾದಲ್ಲಿ ಕೂತು ತನ್ನ ಬೆರಳನ್ನು ತುಂಬ ಹೊತ್ತು ನೋಡುತ್ತಿದ್ದಳು.

ಏನೂ ಆಗಲಿಲ್ಲ. ಪೊಲೀಸರು ಬರಲಿಲ್ಲ, ಅಪ್ಪನ ಕೆಲಸ ಹೋಗಲಿಲ್ಲ. ಆದರೂ ಕೆಲವು ವಾರ ಬಾಗಿಲು ತಟ್ಟಿದರೆ ಮೂವರೂ ಬೆಚ್ಚುತ್ತಿದ್ದೆವು. ಅಮ್ಮ ಗೇಟಿನ ಸಂದಿಯಿಂದ ಮೊದಲು ಯಾರೆಂದು ನೋಡಲು ಶುರು ಮಾಡಿದ್ದು ಆಗಲೇ. ಗೌರಿ ಹಬ್ಬಕ್ಕೆ ಸುಧಾ ಆಂಟಿ ಒಬ್ಬರೇ ಬಂದರು, ಅದೂ ಐದು ನಿಮಿಷ. ಉಳಿದವರಿಗೆಲ್ಲ ಮಕ್ಕಳ ಪರೀಕ್ಷೆಯಂತೆ. ಲಿಟ್ಲ್ ಇಂಡಿಯಾದಿಂದ ತಂದ ಬಿದಿರಿನ ಮೊರಗಳು ಬಟ್ಟೆಯ ಬೀರುವಿನ ಮೇಲೆ ಹತ್ತಿದವು. ಹಿಂದಿಯಲ್ಲಿ ನಾನು ಹೇಗೋ ಪಾಸಾದೆ. ನಾನು ಓದಿ ಅವಳು ಕನ್ನಡದಲ್ಲಿ ಬರೆಯುವ ಆಟವನ್ನು ಅಮ್ಮ ಮತ್ತೆ ಎತ್ತಲಿಲ್ಲ, ನನಗೂ ಕೇಳುವ ಮುಖವಿರಲಿಲ್ಲ.

ಮೊನ್ನೆಯ ಚುನಾವಣೆಯಲ್ಲಿ ನನಗೂ ಮತದ ಕಾರ್ಡ್ ಬಂತು. ಒಂದು ಸಂಜೆ ಬಾಗಿಲು ತಟ್ಟಿದ ಸದ್ದು. ಅಮ್ಮ ಎದ್ದು ಹೋದಳು. ಗೇಟು ತೆಗೆಯಲಿಲ್ಲ. ಸರಳಿನ ಸಂದಿಯಲ್ಲಿ ಕೈ ಚಾಚಿ ಕರಪತ್ರ ಇಸಿದುಕೊಂಡು, ಒಳ್ಳೆಯ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳಿ, ಮರದ ಬಾಗಿಲನ್ನೂ ಹಾಕಿ ಬಂದಳು. ಬಂದವರ ಮುಖ ಕೂಡ ನನಗೆ ಕಾಣಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಆ ಫೋಟೋಗಳನ್ನ ಅವತ್ತು ಕಳಿಸಿದ್ದು ನಾನು."

"ಗೊತ್ತು" ಅಂದಳು, ಕನ್ನಡಕ ಹುಡುಕುತ್ತಾ. "ಇನ್ನ್ಯಾರು ಕಳಿಸ್ತಾರೆ?"

"ಮತ್ತೆ ಯಾಕೆ ನೀನೇ ಅಂತ ಹೇಳ್ದೆ?"

"ನಿನಗೆ ಪರೀಕ್ಷೆ ಇತ್ತಲ್ಲ."

ಅಷ್ಟೇ. ಈಗ ಅವಳು ಮನೆಯಲ್ಲೂ ಬೆಂಗಳೂರಿನವರ ಹಾಗೆಯೇ ಮಾತಾಡುತ್ತಾಳೆ. 'ನಮ್ಮವ್ವಾ' ಎಂದು ನನ್ನನ್ನು ಕರೆದು ಎಷ್ಟು ವರ್ಷವಾಯಿತೋ. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಕರಪತ್ರವನ್ನು ಒಮ್ಮೆ ತಿರುಗಿಸಿ ನೋಡಿ, ಮಡಚಿ, ನನ್ನ ಕೈಗೆ ಕೊಟ್ಟಳು.

"ನೀನೇ ಓದಿ, ಯಾರಿಗೆ ಹಾಕ್ಬೇಕು ಅಂತ ಹೇಳು. ನನಗೇನು ಗೊತ್ತಾಗುತ್ತೆ" ಅಂದಳು.